ಬಿಸಿಯ ಹದ

ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಕೊಯ್ಲಿನ ಹೊತ್ತಿಗೆ ಮಳೆ ಹಿಡಿದರೆ ಬೇಯಿಸಿದ ಅಡಿಕೆಗೆ ಬೂಷ್ಟು ಬಂದು ವರ್ಷದ ದುಡಿಮೆ ಹಾಳಾಗುತ್ತದೆ. ಆಗ ನೆರವಿಗೆ ಬರುವ ವಿದ್ಯುತ್ ಡ್ರೈಯರಿನ ಹದ ಕಾಯುವುದು ಥರ್ಮೋಸ್ಟಾಟ್. ಹಲವು ಥರ್ಮೋಸ್ಟಾಟುಗಳಲ್ಲಿ ಎರಡು ಲೋಹಗಳ ಪಟ್ಟಿಯೊಂದು, ಕಾದಾಗ ಸಮನಾಗಿ ಹಿಗ್ಗದೆ ಬಾಗಿ, ವಿದ್ಯುತ್ತನ್ನು ಕಡಿಯುತ್ತದೆ. ತಣಿದಾಗ ಮರಳಿ ಕೂಡಿಸುತ್ತದೆ. ಆದರೆ ಅದು ಅರಿಯುವುದು ತಾನಿರುವ ಜಾಗದ ಬಿಸಿಯನ್ನಷ್ಟೆ. ಹೀಟರಿನ ಮಗ್ಗುಲಲ್ಲಿಟ್ಟರೆ ಬೇಗನೆ ಆರಿಸೀತು, ಅಡಿಕೆ ಹಸಿಯಾಗಿಯೇ ಉಳಿದೀತು. ಅಡಿಕೆ ಹರಡಿದ ತಟ್ಟೆಗಳ ನಡುವೆ ಅದಿರಬೇಕು.

ತಂತಿ ಜೋಡಿಸುವವರಲ್ಲಿ ನನ್ನ ವಿನಂತಿ: ಅದು ಫೇಸ್ ತಂತಿಯನ್ನೇ ಕಡಿಯಲಿ. ನ್ಯೂಟ್ರಲನ್ನು ಕಡಿದರೆ ಹೀಟರು ತಣ್ಣಗಾದರೂ ಅದರಲ್ಲಿ 230 ವೋಲ್ಟ್ ಉಳಿದಿರುತ್ತದೆ. ಭೂಸಂಪರ್ಕ ತಪ್ಪಬಾರದು. ಫ್ಯಾನಿನ ತಂತಿ ಬೇರೆಯಿರಲಿ. ಬಿಸಿ ನಿಂತಾಗಲೂ ತೇವ ಹೊರಹೋಗಬೇಕು. ಹಾಳಾದ ಫಸಲು ಮುಂದಿನ ವರ್ಷ ಬಂದೀತು. ಹೋದ ಜೀವ ಬಾರದು.