ಹೇಬಿಯಸ್ ಕಾರ್ಪಸ್ ಎಂದರೇನು?
(ಐರಣಿಯಲ್ಲಿ ನೀಡಿದ ಉಪನ್ಯಾಸ)



ಮಗನನ್ನು ಪೊಲೀಸರು ಕರೆದೊಯ್ದರು, ಎಲ್ಲಿಟ್ಟಿದ್ದಾರೋ ಹೇಳುವುದಿಲ್ಲ. ಆಗ ವಕೀಲರು ‘ಹೇಬಿಯಸ್ ಕಾರ್ಪಸ್ ಹಾಕೋಣ’ ಎನ್ನುತ್ತಾರೆ. ಇಂಗ್ಲಿಷರ ಮೂಲಕ ಬಂದರೂ ಈ ಮಾತು ಇಂಗ್ಲಿಷಲ್ಲ, ಲ್ಯಾಟಿನ್. ‘ಕಾರ್ಪಸ್’ ಎಂದರೆ ದೇಹ. ಶವಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ಕಾರ್ಪ್ಸ್’ ಇದೇ ಬೇರಿನದು; ಇಲ್ಲಿ ಮಾತ್ರ ಕೇಳುವುದು ಜೀವಂತ ಮನುಷ್ಯನನ್ನು. ‘ಹೇಬಿಯಸ್’ ಎಂದರೆ ‘ನೀನು ಹೊಂದಿರತಕ್ಕದ್ದು’.

ಯಾರು ಈ ‘ನೀನು’? ಸೆರೆಯಾಳಲ್ಲ, ಸೆರೆಯಲ್ಲಿಟ್ಟವನು. ಇಂಗ್ಲೆಂಡಿನ ಅರಸನ ಹೆಸರಿನಲ್ಲಿ ಹೊರಡುತ್ತಿದ್ದ ಲ್ಯಾಟಿನ್ ಆಜ್ಞೆಯ ನಡುವಿನ ಎರಡು ಪದಗಳಿವು: ಇಂಥವನ ದೇಹವನ್ನು ನಮ್ಮೆದುರು ತಂದು ನಿಲ್ಲಿಸು, ಹಿಡಿದಿಟ್ಟ ಕಾರಣ ಹೇಳು. ಸೆರೆಯಾಳು ನಿರಪರಾಧಿ ಎಂದು ಆಜ್ಞೆ ಹೇಳುವುದಿಲ್ಲ. ಮೊದಲು ಆಳನ್ನು ತೋರಿಸು, ಮಿಕ್ಕದ್ದು ಆಮೇಲೆ. 1679ರಲ್ಲಿ ಅಲ್ಲಿನ ಸಂಸತ್ತು ಇದಕ್ಕೆ ಬಿಗಿಯಾದ ಕಾಯಿದೆ ಮಾಡಿತು. 1733ರಿಂದ ಇಂಗ್ಲೆಂಡಿನ ಕೋರ್ಟು ದಾಖಲೆಗಳಿಂದ ಲ್ಯಾಟಿನ್ ಹೊರಬಿತ್ತು. ಈ ಎರಡು ಪದ ಮಾತ್ರ ಹೋಗಲಿಲ್ಲ!

ನಮ್ಮಲ್ಲಿ ಇದರ ಪರೀಕ್ಷೆಯಾದದ್ದು ತುರ್ತುಪರಿಸ್ಥಿತಿಯಲ್ಲಿ. 1975ರ ಜೂನ್ 26ರಂದು ವಾಜಪೇಯಿ, ಅಡ್ವಾಣಿ ಮೊದಲಾದವರನ್ನು ಬೆಂಗಳೂರಿನಲ್ಲಿಯೇ ಬಂಧಿಸಲಾಯಿತು. ಅವರ ಅರ್ಜಿಗಳು ಬಂದದ್ದು ನಮ್ಮ ಹೈಕೋರ್ಟಿಗೆ. ಇಂಥ ಅರ್ಜಿಗಳನ್ನು ಕೇಳಲೇಬಾರದೆಂಬ ಸರ್ಕಾರದ ವಾದವನ್ನು ಒಪ್ಪದ ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. ಆದರೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ನಾಲ್ಕು–ಒಂದರ ಬಹುಮತದಿಂದ ಬಾಗಿಲು ಮುಚ್ಚಿತು. ಒಪ್ಪದಿದ್ದವರು ಎಚ್.ಆರ್. ಖನ್ನಾ ಒಬ್ಬರೇ. ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರ ಕೈತಪ್ಪಿತು. ಆ ತೀರ್ಪು ರದ್ದಾಗಲು 41 ವರ್ಷ ಬೇಕಾಯಿತು. 2017ರ ಆಗಸ್ಟ್ 24ರಂದು ಅದನ್ನು ತಳ್ಳಿಹಾಕಿದ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಬಹುಮತದಲ್ಲಿದ್ದ ವೈ.ವಿ. ಚಂದ್ರಚೂಡರ ತೀರ್ಪನ್ನು ತಪ್ಪೆಂದು ಬರೆದವರು ಅವರ ಮಗನೇ, ಡಿ.ವೈ. ಚಂದ್ರಚೂಡ್. ಇಂಥದ್ದು ಅಪರೂಪ.

ಇನ್ನು ನಮ್ಮ ಊರಿನ ಮಾತು. ಈ ಅರ್ಜಿ ರಾಣೆಬೆನ್ನೂರಿನ ಕೋರ್ಟಿನಲ್ಲಿ ನಡೆಯದು. ಸಂವಿಧಾನದ 226ನೆಯ ವಿಧಿಯಂತೆ ಹೈಕೋರ್ಟಿಗೆ, ಇಲ್ಲವೇ 32ರಂತೆ ಸುಪ್ರೀಂ ಕೋರ್ಟಿಗೆ ಹೋಗಬೇಕು. ಐರಣಿ ಮುಂಬಯಿ ರಾಜ್ಯದಲ್ಲಿದ್ದ 1956ರವರೆಗೆ ಹೈಕೋರ್ಟೆಂದರೆ ಮುಂಬಯಿ. ಆಮೇಲೆ ಬೆಂಗಳೂರು. 2008ರಲ್ಲಿ ಧಾರವಾಡಕ್ಕೆ ಪೀಠ ಬಂದ ಮೇಲೆ ಬೆಳಿಗ್ಗೆ ಹೊರಟರೆ ಸಂಜೆಗೆ ಮರಳಬಹುದು. ಮಗನನ್ನು ಹುಡುಕುವ ತಾಯಿಗೆ ಇದು ಸಣ್ಣ ಸಂಗತಿಯಲ್ಲ. ಹೌದು, ತಾಯಿಯೇ ಅರ್ಜಿ ಹಾಕಬಹುದು. ಹೆಂಡತಿ, ಗೆಳೆಯನೂ ಹಾಕಬಹುದು. ಒಳಗಿರುವವನ ಸಹಿಗಾಗಿ ಕಾಯಬೇಕಾಗಿಲ್ಲ.