ಹೊಸರಿತ್ತಿಯ ಕಂದಾಯ

ದೀಪಾವಳಿಗೆ ಮುನ್ನ ಮನೆ ಹಸನುಗೊಳಿಸುವ ಗಡಿಬಿಡಿಯಲ್ಲಿ, ದೆಹಲಿಯ ರೋಹಿಣಿಯಲ್ಲಿರುವ ನಮ್ಮ ಗಲ್ಲಿಗೆ ಬಂದ ಕಬಾಡಿವಾಲನು ಹಳೆಯ ಪುಸ್ತಕವೊಂದನ್ನು ತಕ್ಕಡಿಗಿಡುವ ಮೊದಲು ಒಮ್ಮೆ ಕೊಡವಲು, 2016ರಲ್ಲಿ ಚಲಾವಣೆ ಕಳೆದುಕೊಂಡ ಐನೂರರ ನೋಟೊಂದು ಕೆಳಗುದುರಿತು. ರದ್ದಿಯ ಬೆಲೆಗೂ ಇದು ಬಾರದೆಂದು ನಕ್ಕು, ಅವನು ಅದನ್ನು ನನ್ನ ಕೈಗಿತ್ತನು.

ಅದರ ಹಿಂಬದಿಯಲ್ಲಿ ದಂಡಿಯಾತ್ರೆಯ ಚಿತ್ರ. ಸರದಾರ ಪಟೇಲ ಮಾರ್ಗದಲ್ಲಿ ಬಸ್ಸಿನ ಕಿಟಕಿಯಿಂದ ನಾವೆಲ್ಲ ಕಂಡಿರುವ, ದೇವೀಪ್ರಸಾದ ರಾಯಚೌಧುರಿಯವರ ಗ್ಯಾರಹ್ ಮೂರ್ತಿಯಲ್ಲಿರುವಂತೆಯೇ ಇಲ್ಲಿಯೂ ಗಾಂಧೀಜಿ ಮುಂದೆ, ಉಳಿದವರು ಹಿಂದೆ. ಆ ಹಿಂದಿನವರೊಳಗೆ ನಾನು ಹಾವೇರಿಯ ಕಡೆಯ ಮೋಟೆಬೆನ್ನೂರಿನ ಹುಡುಗನೊಬ್ಬನನ್ನು ಅರಸತೊಡಗಿದೆನು. ಶಿಲ್ಪಿಯ ಮನಸ್ಸಿನಲ್ಲಿ ಅವನಿದ್ದನೋ ಇಲ್ಲವೋ, ನಮ್ಮ ನಾಡಿನವನೆಂಬ ಮಮತೆಗೆ ಅಷ್ಟೆಲ್ಲ ಪ್ರಮಾಣ ಬೇಡವಷ್ಟೆ.

1930ರ ಮಾರ್ಚ್ 12ರಂದು ಸಬರಮತಿಯಿಂದ ಹೊರಟ ಆ 78 ಮಂದಿಯ ತಂಡದಲ್ಲಿದ್ದ ಆ ಹುಡುಗನು ಮೈಲಾರ ಮಹಾದೇವಪ್ಪ, ಕನ್ನಡಿಗನು, ವಯಸ್ಸು ಹದಿನೆಂಟು. ಉಪ್ಪನ್ನೆತ್ತಿ, ಸೆರೆಮನೆ ಕಂಡು, ಊರ ಕಡೆಗೆ ಮರಳಿದ ಮೇಲೆ ಖಾದಿ, ಕೊರಡೂರಿನ ಆಶ್ರಮ, ಮತ್ತೆ ಸೆರೆಮನೆ. ಪತ್ನಿ ಸಿದ್ದಮ್ಮನವರೂ ಕಾರಾಗೃಹವಾಸವನ್ನನುಭವಿಸಿದವರೇ. ಅನಂತರ 1942ರ ಕ್ವಿಟ್ ಇಂಡಿಯಾ ಚಳವಳಿ ಬಂದಿತು.

ವರದಾ ನದಿಯ ದಡದ ಹೊಸರಿತ್ತಿಯಲ್ಲಿ, ರೈತರಿಂದ ವಸೂಲಾದ ಕಂದಾಯದ ಹಣವನ್ನು ವೀರಭದ್ರ ದೇವಾಲಯದಲ್ಲಿರಿಸಿ ಪೋಲೀಸರು ಕಾವಲಿದ್ದರು. 1943ರ ಏಪ್ರಿಲ್ 1ರಂದು, ಆ ಹಣವನ್ನು ಸರ್ಕಾರದ ಕೈಯಿಂದ ತಪ್ಪಿಸಬೇಕೆಂದು ಸಂಗಡಿಗರೊಡನೆ ಅಲ್ಲಿಗೆ ಹೋದ ಮಹಾದೇವಪ್ಪನವರು ಗುಂಡಿಗೆ ಬಲಿಯಾದರು. ಗಾಂಧೀಜಿಯ ಹಿಂದೆ ನಡೆದವರು ಇದಕ್ಕೆ ಕೈಹಾಕಬಹುದಿತ್ತೆ ಎಂದು ಕೇಳುವವರುಂಟು. ಕೇಳತಕ್ಕ ಪ್ರಶ್ನೆಯೇ ಹೌದು. ಆದರೆ ನನಗೆ ತೋರುವುದು ಬೇರೆ. ಕಡಲು ಕೊಟ್ಟ ಉಪ್ಪಿನ ಮೇಲೆ ತೆರಿಗೆ ಹಾಕಲು ನೀವು ಯಾರೆಂದು ದಂಡಿಯಲ್ಲಿ ಕೇಳಿದ ಪ್ರಶ್ನೆಯನ್ನೇ, ಹದಿಮೂರು ವರ್ಷಗಳ ತರುವಾಯ, ನೆಲದ ಕಂದಾಯದ ವಿಷಯವಾಗಿ ತಮ್ಮೂರ ಸೀಮೆಯಲ್ಲಿ ಅವರು ಮತ್ತೊಮ್ಮೆ ಕೇಳಿದರೆಂದೇ ನಾನು ಭಾವಿಸಿದ್ದೇನೆ. ವಿಧಾನ ಬೇರೆಯಾಯಿತು, ಕಾಲವೂ ಬೇರೆಯಾಗಿತ್ತು. ಉಣ್ಣುವವನ ಉಪ್ಪಿಗೂ ಉಳುವವನ ಹಣಕ್ಕೂ ನಡುವೆ ಅಷ್ಟೊಂದು ದೂರವಿದೆಯೆ?

ಅಂದು ಅವರೊಡನೆ ಅಲ್ಲಿಯೇ ಪ್ರಾಣವಿತ್ತ ಇನ್ನಿಬ್ಬರು ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ. ಇವರು ದಂಡಿಗೆ ಹೋದವರಲ್ಲವಾದುದರಿಂದ, ಯಾವ ಮೂರ್ತಿಯ ಗುಂಪಿನಲ್ಲಿಯೂ ಇವರನ್ನು ಅರಸುವ ಹಂಬಲ ನಮಗೆ ಸಾಮಾನ್ಯವಾಗಿ ಹುಟ್ಟುವುದಿಲ್ಲ. ಹಾವೇರಿಯ ರೈಲು ನಿಲ್ದಾಣಕ್ಕೆ ಈಗ ಮಹಾದೇವಪ್ಪನವರ ಹೆಸರಿದೆ. ರಜೆಗೆಂದು ಊರಿಗೆ ಹೊರಟಾಗ ಮಕ್ಕಳು ಆ ಫಲಕವನ್ನೋದಿ ಇವರು ಯಾರೆಂದು ಕೇಳಿದರೆ, ಮೂರು ಹೆಸರುಗಳನ್ನೂ ಹೇಳೋಣವೆಂದಿದ್ದೇನೆ.