ಮಾತಿನ ತಕ್ಕಡಿಯೂ ನೇರವಿರಲಿ

(ದುಮ್ಮವಾಡದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

 

ಹತ್ತನೆಯ ತರಗತಿ ಮುಗಿಸಿದ ಮಗಳ ಕುರಿತು ನಮ್ಮ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: ‘ಅವಳು ನಾಳೆ ಇನ್ನೊಬ್ಬರ ಮನೆಗೆ ಹೋಗುವವಳು, ಆದ್ದರಿಂದ ಇನ್ನು ಓದಿಸುವುದು ಬೇಡ.’ ಈ ಮಾತಿನಲ್ಲಿ ಒಂದು ಕಾರಣವಿದೆ, ಒಂದು ತೀರ್ಮಾನವಿದೆ. ಮಗಳು ಮದುವೆಯಾಗಿ ಹೋಗುತ್ತಾಳೆಂಬ ಕಾರಣ ಬಹುಮಟ್ಟಿಗೆ ನಿಜವೇ. ಆದರೆ ಅದರಿಂದ ಓದು ಬೇಡವೆಂಬ ತೀರ್ಮಾನ ಹೇಗೆ ಹೊರಡುತ್ತದೆ? ಇವೆರಡರ ನಡುವೆ ಯಾರೂ ಬಾಯಿಬಿಟ್ಟು ಹೇಳದ ಮೂರನೆಯ ಮಾತೊಂದು ಅಡಗಿದೆ: ‘ಹೆತ್ತವರ ಕೈಗೆ ಲಾಭ ತರದ ವಿದ್ಯೆ ವ್ಯರ್ಥ.’ ಇದನ್ನು ಬಿಡಿಸಿ ಮುಂದಿಟ್ಟರೆ ಹಾಗೆ ವಾದಿಸಿದ ತಂದೆಯೇ ನಾಚಿಕೊಂಡಾನು. ಜ್ಞಾನಾರ್ಜನೆಯನ್ನು ಕಡ್ಡಾಯಗೊಳಿಸಿದ ಧರ್ಮ ನಮ್ಮದು. ಹಝ್ರತ್ ಆಯಿಶಾರಿಂದ(ರ) ಹಿರಿಯ ಸಹಾಬಿಗಳೂ ಧಾರ್ಮಿಕ ವಿಷಯಗಳನ್ನು ಕೇಳಿ ತಿಳಿಯುತ್ತಿದ್ದರು. ಮಾತು ಮುಚ್ಚಿರುವ ತನಕ ಮಾತ್ರ ಆ ವಾದ ಬಲವಾಗಿ ತೋರುತ್ತದೆ.

ಈ ಪರೀಕ್ಷೆ ಹೊಸದೇನೂ ಅಲ್ಲ. ಬೆಟ್ಟದಲ್ಲಿ ಹೊಗೆ ಕಾಣುತ್ತದೆ, ಆದ್ದರಿಂದ ಬೆಂಕಿಯಿದೆ ಎಂಬುದು ಭಾರತದ ನ್ಯಾಯಶಾಸ್ತ್ರದ ಪ್ರಸಿದ್ಧ ಉದಾಹರಣೆ. ಹೊಗೆಯಿರುವಲ್ಲೆಲ್ಲ ಬೆಂಕಿ ಇರುತ್ತದೆ ಎಂಬ ನಿಯಮವನ್ನು ಆ ಶಾಸ್ತ್ರ ‘ವ್ಯಾಪ್ತಿ’ ಎಂದು ಕರೆಯಿತು. ಅದು ಸಿದ್ಧವಾಗದೆ ತೀರ್ಮಾನ ನಿಲ್ಲದು. ನಮ್ಮ ಮದ್ರಸಗಳ ಮಂತಿಕ್ ಪಾಠದಲ್ಲಿ ಇದೇ ವಿಚಾರ ಸುಗ್ರಾ, ಕುಬ್ರಾ, ನತೀಜಾ ಎಂಬ ಹೆಸರುಗಳಲ್ಲಿ ಬರುತ್ತದೆ. 1111ರಲ್ಲಿ ನಿಧನರಾದ ಇಮಾಮ್ ಗಝಾಲಿಯವರು ಈ ವಿಷಯದ ಮೇಲೆ ಬರೆದ ಒಂದು ಗ್ರಂಥದ ಹೆಸರು ‘ಅಲ್‌ಕಿಸ್ತಾಸುಲ್ ಮುಸ್ತಕೀಮ್’, ಅಂದರೆ ನೇರವಾದ ತಕ್ಕಡಿ. ಈ ಪದಗಳು ಪವಿತ್ರ ಕುರ್‌ಆನಿನವೇ. ವಿಚಾರವನ್ನು ತೂಗುವ ತಕ್ಕಡಿಗಳು ಕುರ್‌ಆನಿನಲ್ಲಿಯೇ ಇವೆಯೆಂದು ಅವರು ತೋರಿಸಿದರು. ಪ್ರವಾದಿ ಇಬ್ರಾಹೀಮ್(ಅ) ನಕ್ಷತ್ರ, ಚಂದ್ರ, ಸೂರ್ಯರನ್ನು ಒಂದೊಂದಾಗಿ ತಿರಸ್ಕರಿಸಿದಾಗ, ಅವು ಮುಳುಗುತ್ತವೆಂಬ ಕಾರಣ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಮುಳುಗುವಂಥದ್ದು ಪ್ರಭುವಾಗಲಾರದು ಎಂಬುದು ಕಾರಣವನ್ನು ತೀರ್ಮಾನಕ್ಕೆ ಜೋಡಿಸಿದ ಕೊಂಡಿ. ಆ ಕೊಂಡಿ ಗಟ್ಟಿಯಾಗಿತ್ತು, ವಾದವೂ ನಿಂತಿತು.

ಕೊಂಡಿ ಸಡಿಲವಾದರೆ ಏನಾಗುತ್ತದೆಂಬುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. 2022ರ ಎಪ್ರಿಲ್‌ನಲ್ಲಿ ಧಾರವಾಡದ ಸಮೀಪದ ನುಗ್ಗಿಕೇರಿಯ ಹನುಮಂತ ದೇವಸ್ಥಾನದ ಆವರಣದಲ್ಲಿ ಮುಸ್ಲಿಮ್ ವ್ಯಾಪಾರಿಯೊಬ್ಬರ ಕಲ್ಲಂಗಡಿ ಹಣ್ಣುಗಳನ್ನು ಒಂದು ಗುಂಪು ನೆಲಕ್ಕೆಸೆದು ಒಡೆದು ಹಾಕಿತು. ಹಿಂದೂ ಧಾರ್ಮಿಕ ಸಂಸ್ಥೆಗಳ ಸ್ಥಿರಾಸ್ತಿಯನ್ನು ಹಿಂದೂಯೇತರರಿಗೆ ಗುತ್ತಿಗೆಗೆ ಕೊಡಬಾರದೆಂಬ 2002ರ ನಿಯಮವನ್ನು ಆ ದಿನಗಳಲ್ಲಿ ರಾಜ್ಯದಾದ್ಯಂತ ಎತ್ತಿ ತೋರಿಸಲಾಗುತ್ತಿತ್ತು. ಆ ನಿಯಮ ಯಾರಿಗೆ, ಎಲ್ಲಿ ಅನ್ವಯಿಸುತ್ತದೆಂಬ ಚರ್ಚೆಯನ್ನು ಬದಿಗಿಡೋಣ. ಅದು ಅಲ್ಲಿಗೂ ಅನ್ವಯಿಸುತ್ತದೆಂದೇ ಒಪ್ಪೋಣ. ಆಗಲೂ ಹಣ್ಣು ಒಡೆಯಬಹುದೆಂಬ ತೀರ್ಮಾನ ಹೊರಡುವುದಿಲ್ಲ. ಅದು ಹೊರಡಬೇಕಾದರೆ ‘ನಿಯಮ ಮೀರಿದವರನ್ನು ದಂಡಿಸುವ ಅಧಿಕಾರ ಬೀದಿಯ ಗುಂಪಿಗಿದೆ’ ಎಂದು ಒಪ್ಪಬೇಕಾಗುತ್ತದೆ. ಇದನ್ನು ಒಪ್ಪಿದರೆ ಯಾವ ಧರ್ಮದವನ ಅಂಗಡಿಯೂ ಉಳಿಯದು.

‘ನಮ್ಮ ದೇವರನ್ನು ನಂಬದವರಿಂದ ನಾವು ಕೊಳ್ಳಬಾರದು’ ಎಂಬ ವಾದದಲ್ಲಿಯೂ ಮಾರುವವನೂ ಕೊಳ್ಳುವವನೂ ಒಂದೇ ಧರ್ಮದವರಾಗಿರಬೇಕೆಂಬ ಮಾತು ಅಡಗಿದೆ. ನಮ್ಮ ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿಗೆಲ್ಲ ಹೆಸರಾಗಿದೆ. ತೊಟ್ಟಿಲು ಮಾಡಿದವನ ಧರ್ಮ ಯಾವುದೆಂದು ಅದರಲ್ಲಿ ಮಲಗಿದ ಕೂಸು ಕೇಳುವುದಿಲ್ಲ. ಬತ್ತ, ಹತ್ತಿ, ಗೋವಿನಜೋಳದ ವ್ಯವಹಾರದಲ್ಲಿ ಆ ಮಾತನ್ನು ಪಾಲಿಸಿದರೆ ಒಂದು ವಾರದ ಸಂತೆಯೂ ನಡೆಯದು.

ಮುಸ್ಲಿಮರು ಬೇಗನೆ ಬಹುಸಂಖ್ಯಾತರಾಗುತ್ತಾರೆಂಬ ವಾದವೂ ಹೀಗೆಯೇ. ಹಿಂದಿನ ಜನನ ಪ್ರಮಾಣವೇ ಎಂದೆಂದಿಗೂ ಮುಂದುವರಿಯುತ್ತದೆಂದು ಅದು ಸದ್ದಿಲ್ಲದೆ ಒಪ್ಪಿಕೊಂಡಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಮುಸ್ಲಿಮ್ ಮಹಿಳೆಯರ ಸರಾಸರಿ ಹೆರಿಗೆ ಪ್ರಮಾಣ 1992-93ರಲ್ಲಿ 4.4 ಇತ್ತು. 2019-21ರಲ್ಲಿ ಅದು 2.36ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಹಿಂದೂ ಮಹಿಳೆಯರಲ್ಲಿ 3.3ರಿಂದ 1.94ಕ್ಕೆ ಇಳಿಯಿತು. ಇಳಿಕೆ ಇಬ್ಬರಲ್ಲಿಯೂ ಇದೆ, ಅಂತರವೂ ಕಿರಿದಾಗಿದೆ.

ಸಹೋದರರೇ, ಇಲ್ಲಿಯವರೆಗೆ ಕೇಳಿ ನೀವು ಸಂತೋಷಪಟ್ಟಿರಬಹುದು. ಇತರರ ವಾದವನ್ನು ತೂಗುವುದು ಸುಲಭ. ತಕ್ಕಡಿ ನೇರವಾಗಿದೆಯೆಂದು ತಿಳಿಯುವುದು ನಮ್ಮ ಸರಕನ್ನು ಅದರಲ್ಲಿಟ್ಟಾಗ.

ಮಕ್ಕಳನ್ನು ಮದ್ರಸಕ್ಕೆ ಕಳುಹಿಸುವುದರಿಂದಲೇ ಮುಸ್ಲಿಮರು ಹಿಂದುಳಿದರು ಎಂದು ಬಹುಕಾಲ ಹೇಳಲಾಗುತ್ತಿತ್ತು. ಹೆಚ್ಚಿನ ಮಕ್ಕಳು ಮದ್ರಸಗಳಲ್ಲೇ ಓದುತ್ತಾರೆಂಬುದು ಅದರ ಗುಪ್ತ ಆಧಾರ. ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಕ್ಕೆ ಹೋಗುವವರು ಕೇವಲ ಶೇ. 3ರಷ್ಟು ಎಂದು 2006ರ ಸಾಚಾರ್ ಸಮಿತಿ ವರದಿ ತಿಳಿಸಿತು. ವಾದ ಬಿತ್ತು, ನಾವು ಹರ್ಷಿಸಿದೆವು. ಆದರೆ ವಾದ ಬಿದ್ದ ಮಾತ್ರಕ್ಕೆ ನಾವು ಹಿಂದುಳಿದಿದ್ದೇವೆಂಬುದು ಸುಳ್ಳಾಗಲಿಲ್ಲ. 2001ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ಶೇ. 64.8, ಮುಸ್ಲಿಮರದು ಶೇ. 59.1. ತಪ್ಪು ಕಾರಣವನ್ನು ಅಲ್ಲಗಳೆದು ನಿಜವಾದ ಕಾಯಿಲೆಯನ್ನೇ ಮರೆತರೆ ನಷ್ಟ ನಮ್ಮದೇ.

ಇನ್ನು ವರದಕ್ಷಿಣೆ. ‘ನಾವು ಕೇಳಲಿಲ್ಲ, ಅವರು ಪ್ರೀತಿಯಿಂದ ಕೊಟ್ಟರು’ ಎನ್ನುತ್ತೇವೆ. ಕೊಡದಿದ್ದರೂ ಈ ಮದುವೆ ನಡೆಯುತ್ತಿತ್ತು, ಸೊಸೆಗೆ ಅದೇ ಗೌರವ ಸಿಗುತ್ತಿತ್ತು ಎಂಬುದು ಇದರೊಳಗಿನ ಹೇಳದ ಮಾತು. ಎದೆ ಮುಟ್ಟಿ ಹೇಳೋಣ, ಅದು ನಿಜವೇ? ವರನು ವಧುವಿಗೆ ಮಹ್ರ್ ಕೊಡಬೇಕೆಂದು ಕುರ್‌ಆನ್ ವಿಧಿಸಿರುವಾಗ ತಕ್ಕಡಿಯನ್ನೇ ತಿರುಗಿಸಿ ಹಿಡಿದವರು ನಾವು. ‘ನಮ್ಮ ಹಿರಿಯರು ಹೀಗೆಯೇ ಮಾಡುತ್ತಿದ್ದರು’ ಎಂಬ ಸಮಜಾಯಿಷಿಯೂ ನಡೆಯದು. ಪೂರ್ವಿಕರು ಮಾಡಿದ್ದೆಲ್ಲ ಸರಿಯೆಂಬ ಆ ಅಡಗಿದ ಮಾತನ್ನು ಅಲ್‌ಬಕರ ಅಧ್ಯಾಯದ 170ನೆಯ ಸೂಕ್ತವು ನೇರವಾಗಿಯೇ ಪ್ರಶ್ನಿಸಿದೆ.

ನುಗ್ಗಿಕೇರಿಯ ಬಳಿಕ ನಮ್ಮಲ್ಲಿ ಕೆಲವರು ‘ಅವರೆಲ್ಲರೂ ಹೀಗೆಯೇ’ ಎಂದರು. ಒಂದು ಗುಂಪಿನ ಕೃತ್ಯ ಇಡೀ ಸಮುದಾಯದ ಸ್ವಭಾವವನ್ನು ಹೇಳುತ್ತದೆಂಬುದು ಇದರ ಆಧಾರ. ನಮ್ಮ ವಿರುದ್ಧ ಪ್ರತಿದಿನ ಬಳಕೆಯಾಗುವುದು ಇದೇ ಆಧಾರವಲ್ಲವೇ? ಆ ಘಟನೆಯನ್ನು ಖಂಡಿಸಿದ ಹಿಂದೂ ಬಾಂಧವರನ್ನು ನಾವು ಯಾವ ಲೆಕ್ಕಕ್ಕೆ ಸೇರಿಸುವುದು? ಒಂದು ಜನಾಂಗದ ಮೇಲಿನ ದ್ವೇಷವು ನಮ್ಮನ್ನು ನ್ಯಾಯದಿಂದ ದೂರ ಒಯ್ಯಬಾರದೆಂದು ಕುರ್‌ಆನ್ ಎಚ್ಚರಿಸಿದೆ. ಈ ಎಚ್ಚರಿಕೆ ಮೊದಲು ನಮಗೆ.

ಆದ್ದರಿಂದ ಯಾವುದೇ ವಾದ ಕಿವಿಗೆ ಬಿದ್ದಾಗ ಮೂರು ಪ್ರಶ್ನೆ ಕೇಳೋಣ. ಇದರ ತೀರ್ಮಾನವೇನು, ಕೊಟ್ಟ ಕಾರಣವೇನು? ಇವೆರಡನ್ನು ಜೋಡಿಸಲು ಹೇಳದೆ ಬಿಟ್ಟ ಮಾತು ಯಾವುದು? ಅದೇ ಮಾತನ್ನು ನಮ್ಮ ಮನೆಗೂ ನೆರೆಮನೆಗೂ ಸಮಾನವಾಗಿ ಅನ್ವಯಿಸಲು ನಾವು ಸಿದ್ಧರೇ? ಮೂರನೆಯ ಪ್ರಶ್ನೆಗೆ ಅಳುಕುವ ವಾದವನ್ನು, ಅದು ನಮ್ಮದೇ ಆಗಿದ್ದರೂ, ಕೈಬಿಡೋಣ. ಅಳತೆಯಲ್ಲಿ ಮೋಸ ಮಾಡುವವರಿಗೆ ನಾಶವಿದೆಯೆಂಬ ಎಚ್ಚರಿಕೆ ದವಸ ಧಾನ್ಯದ ಅಂಗಡಿಗೆ ಮಾತ್ರ ಸೀಮಿತವೆಂದು ನಾವು ಭಾವಿಸದಿರೋಣ.

ಇಂದು ಮನೆಗೆ ಹೋದಾಗ, ಓದು ನಿಲ್ಲಿಸಿದ ಮಗಳು ಅಲ್ಲಿದ್ದರೆ, ಮೊದಲ ತೂಕ ಅಲ್ಲಿಂದಲೇ ಆರಂಭವಾಗಲಿ. ಅಲ್ಲಾಹನು ನಮಗೆಲ್ಲ ನ್ಯಾಯವಾಗಿ ಯೋಚಿಸುವ ಬುದ್ಧಿಯನ್ನೂ ನ್ಯಾಯವಾಗಿ ಬಾಳುವ ಧೈರ್ಯವನ್ನೂ ದಯಪಾಲಿಸಲಿ. ಆಮೀನ್.